ಎಂಜಿನ್ ಎಣ್ಣೆಯ ಮಟ್ಟ: ಮೊಹಲ್ಲಾದ ನಂಬಿಕೆಗಳೂ ಯಂತ್ರದ ಸತ್ಯವೂ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಕಾರು ಇಟ್ಟುಕೊಂಡಿರತಕ್ಕ ಗೃಹಸ್ಥನು ತನ್ನ ವಾಹನದ ವಿಷಯದಲ್ಲಿ ಬಹಳ ಮಟ್ಟಿಗೆ ಜಾಗರೂಕನೆಂದೇ ಹೇಳಬೇಕು. ನಿಲ್ಲಿಸಲು ನೆರಳು ಸಿಕ್ಕೀತೆ, ಹಿಂದಿರುಗುವಷ್ಟರಲ್ಲಿ ಪಕ್ಕದ ಸ್ಕೂಟರಿನವನು ಬಾಗಿಲಿಗೆ ಗೀರು ಹಾಕಿಯಾನೆ, ಸರ್ವೀಸಿನ ದಿನ ಮೀರಿತೆ ಎಂಬ ಚಿಂತೆಗಳು ಅವನನ್ನು ಬಿಡುವುದಿಲ್ಲ. ಆದರೆ ಆಯಿಲ್ ಬದಲಾಯಿಸಿಕೊಂಡು ಬಂದ ದಿನ ನೆರೆಯವರು ಕೇಳುವ ಪ್ರಶ್ನೆಯನ್ನೂ ಆತ ಕೊಡುವ ಉತ್ತರವನ್ನೂ ಗಮನಿಸಿದರೆ ಈ ಜಾಗರೂಕತೆ ಎಲ್ಲಿ ದಾರಿ ತಪ್ಪುತ್ತದೆಂಬುದು ಗೋಚರವಾಗುತ್ತದೆ. "ಎಷ್ಟು ಲೀಟರ್ ಹಿಡೀತು ಸಾರ್?" ಎಂಬುದು ಪ್ರಶ್ನೆ, "ಮೂರೂವರೆ ಲೀಟರ್ ಡಬ್ಬ ಪೂರ್ತಿ ಹಾಕಿಸಿಬಿಟ್ಟೆ" ಎಂಬುದು ಉತ್ತರ. ಎಂಜಿನ್ನಿನಿಂದ ಸೆಳೆದು ನೋಡುವ ಗೇಜಿನಲ್ಲಿ ಎಣ್ಣೆ ಎಲ್ಲಿ ನಿಂತಿದೆಯೆಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಹೊಯ್ದ ಪ್ರಮಾಣ ತಿಳಿದರೆ ನಿಂತ ಮಟ್ಟವೂ ತಿಳಿದಂತೆಯೇ ಎಂಬುದು ಈ ಪ್ರಕರಣದ ಮೂಲ ಭ್ರಾಂತಿ. ಕಾರಿನ ಕೈಪಿಡಿಯಲ್ಲಿ ಮುದ್ರಿತವಾಗಿರುವ ಲೀಟರಿನ ಸಂಖ್ಯೆಯನ್ನು ನೋಡಿ, ಅಷ್ಟನ್ನೇ ಅಳೆದು, ಅಷ್ಟನ್ನೂ ಹೊಯ್ದು, ಕೆಲಸ ಮುಗಿಯಿತೆಂದು ಮುಚ್ಚಳ ಬಿಗಿಯುವವರು ಮೂರು ಸಂಗತಿಗಳನ್ನು ಮರೆಯುತ್ತಾರೆ. ಆ ಸಂಖ್ಯೆಯು ಆಯಿಲ್ ಫಿಲ್ಟರನ್ನು ಬದಲಿಸಿದ ಲೆಕ್ಕದ್ದೋ ಬದಲಿಸದ ಲೆಕ್ಕದ್ದೋ ಎಂಬುದನ್ನು ಕೈಪಿಡಿಯೇ ಬೇರೆಬೇರೆಯಾಗಿ ಹೇಳಿರುತ್ತದೆ. ಸಾಮಾನ್ಯ ಕಾರಿನ ಫಿಲ್ಟರೊಂದೇ ಕಾಲು ಲೀಟರಿನ ಆಸುಪಾಸು ಎಣ್ಣೆಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದು. ಡ್ರೈನ್ ನಟ್ಟು ಬಿಚ್ಚಿ ಎಷ್ಟು ಹೊತ್ತು ಕಾದರೂ ಒಳಗಿನ ಕಾಲುವೆಗಳಲ್ಲಿಯೂ ಮೂಲೆಗಳಲ್ಲಿಯೂ ಹಳೆಯ ಎಣ್ಣೆ ಸ್ವಲ್ಪ ಉಳಿದೇ ಉಳಿಯುತ್ತದೆ, ತಣ್ಣನೆಯ ಎಂಜಿನ್ನಿನಲ್ಲಿ ಇನ್ನೂ ಹೆಚ್ಚಾಗಿ. ಇನ್ನು ಅಂಗಡಿಯ ಡಬ್ಬವು ಮೂರು ಲೀಟರೋ ಮೂರೂವರೆಯೋ ಆಗಿರುವುದು ಮಾರಾಟದ ಅನುಕೂಲಕ್ಕಾಗಿ. ನಮ್ಮ ಕಾರಿನ ಚೇಂಬರಿನ ಅಳತೆ ತೆಗೆದು ಯಾರೂ ಡಬ್ಬ ತಯಾರಿಸುವುದಿಲ್ಲ. ಆದುದರಿಂದ ನುರಿತ ಮೆಕ್ಯಾನಿಕ್ಕನು ಪುಸ್ತಕದ ಸಂಖ್ಯೆಗಿಂತ ಒಂದರ್ಧ ಲೀಟರು ಕಡಿಮೆಯಾಗಿಯೇ ಮೊದಲು ಹೊಯ್ದು, ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ ಹೊಸ ಫಿಲ್ಟರು ತುಂಬಿಕೊಳ್ಳುವಂತೆ ಮಾಡಿ, ಆರಿಸಿ, ಎಣ್ಣೆ ಕೆಳಗಿಳಿಯಲು ಬಿಟ್ಟು, ಆ ಬಳಿಕ ಗೇಜಿನ ಸಾಕ್ಷ್ಯವನ್ನು ಕೇಳಿ, ಕೊರತೆಯನ್ನು ಸ್ವಲ್ಪಸ್ವಲ್ಪವಾಗಿ ತುಂಬುತ್ತಾನೆ. ಉಳಿದ ಎಣ್ಣೆಯ ಡಬ್ಬವನ್ನು ಅವನು ಡಿಕ್ಕಿಯಲ್ಲಿಟ್ಟು ಕೊಟ್ಟರೆ ನಾವು ಸಂತೋಷಪಡತಕ್ಕುದು. ಮೋಸಹೋದೆವೆಂದು ಮುಖ ಸಣ್ಣಗೆ ಮಾಡಿಕೊಳ್ಳುವುದೇ ನಮ್ಮ ರೂಢಿ.

ಎರಡನೆಯ ನಂಬಿಕೆ ಹೆಚ್ಚು ಬಲವಾದುದು, ಹೆಚ್ಚು ಆತ್ಮೀಯವಾದುದು ಕೂಡ: ಎಣ್ಣೆ ಕಡಿಮೆಯಾದರೆ ಕೇಡು, ಹೆಚ್ಚಾದರೆ ಏನೂ ಇಲ್ಲ. ದೀಪಕ್ಕೆ ಎಣ್ಣೆಯೆರೆಯುವ ಗೃಹಿಣಿ ಬತ್ತಿಯ ಕತ್ತಿನವರೆಗೂ ತುಂಬುವಳಲ್ಲದೆ ಅರ್ಧಕ್ಕೆ ನಿಲ್ಲಿಸುವಳೆ? ಅದೇ ಔದಾರ್ಯವು ಎಂಜಿನ್ನಿನ ವಿಷಯದಲ್ಲಿಯೂ ನಮ್ಮ ಕೈಯನ್ನು ನಡೆಸುತ್ತದೆ. ಈ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವ ಮೊದಲು ಅದರ ವಂಶವೃಕ್ಷವನ್ನು ಸ್ವಲ್ಪ ಪರಿಶೀಲಿಸುವುದು ನ್ಯಾಯವಾದೀತು. ಏಕೆಂದರೆ ಒಂದು ಕಾಲಕ್ಕೆ, ಒಂದು ಬಗೆಯ ಯಂತ್ರದಲ್ಲಿ, ಅದರಲ್ಲಿ ಸತ್ಯಾಂಶವಿತ್ತು.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯನ್ನು ಒತ್ತಡದಿಂದ ನೂಕುವ ಪಂಪೇ ಇರಲಿಲ್ಲ. ಎರಚುವಿಕೆಯಿಂದಲೇ ಎಂಜಿನ್ನಿನ ಅಂಗಾಂಗಗಳು ತೊಯ್ಯಬೇಕಾಗಿತ್ತು. ಕನೆಕ್ಟಿಂಗ್ ರಾಡುಗಳು ಸುತ್ತುವಾಗ ತಳದ ತೊಟ್ಟಿಗಳಲ್ಲಿನ ಎಣ್ಣೆಯನ್ನು ಮುಟ್ಟಿ ಚಿಮ್ಮಿಸಿದರೆ ಮಾತ್ರ ಬೇರಿಂಗುಗಳಿಗೆ ಜೀವ. ಅಂಥ ಯಂತ್ರವನ್ನು ಕಂಡವರು ಎಣ್ಣೆಯಲ್ಲಿ ಮುಳುಗಿ ಏಳುವುದೇ ಎಂಜಿನ್ನಿನ ಧರ್ಮವೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಕಾರಿನಲ್ಲಿಯೂ ಮಟ್ಟ ನೋಡಲೆಂದು ತಳಭಾಗದಲ್ಲಿ ಮೇಲೊಂದು ಕೆಳಗೊಂದು ಪುಟ್ಟ ನಲ್ಲಿಗಳಿದ್ದುವೆಂಬುದನ್ನೂ, ಎಣ್ಣೆ ಆ ಎರಡರ ನಡುವೆ ನಿಲ್ಲಬೇಕೆಂಬ ನಿಯಮ ಆಗಲೇ ಇತ್ತೆಂಬುದನ್ನೂ ಮರೆಯಬಾರದು.

ಮೈಸೂರಿನವರಿಗೆ ಇದಕ್ಕಿಂತ ಸಮೀಪದ ಕಾರಣ ಇನ್ನೊಂದಿದೆಯೆಂದು ನನ್ನ ಊಹೆ. 1961ರಲ್ಲಿ ಯಾದವಗಿರಿಯಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳ ಮೇಲೆ ಈ ಊರಿನ ಎರಡು ತಲೆಮಾರುಗಳು ವಾಹನವಿದ್ಯೆಯನ್ನು ಕಲಿತವು. ಅವು ಟೂ-ಸ್ಟ್ರೋಕ್ ಗಾಡಿಗಳು. ಅವುಗಳ ಎಂಜಿನ್ನಿಗೆ ಬೇಕಾದ ಎಣ್ಣೆ ಚೇಂಬರಿನಲ್ಲಿ ಸಂಗ್ರಹವಾಗಿ ನಿಲ್ಲದೆ, ಪೆಟ್ರೋಲಿನೊಂದಿಗೇ ಬೆರೆತು ಒಳಹೊಕ್ಕು, ತನ್ನ ಕೆಲಸ ಮಾಡಿ, ಅಲ್ಲಿಯೇ ಉರಿದುಹೋಗತಕ್ಕುದು. ಬಂಕಿನಲ್ಲಿ ಆಯಿಲ್ ಒಂದಿಷ್ಟು ಕಡಿಮೆ ಹಾಕಿಸಿದರೆ ಪಿಸ್ಟನ್ ಸೀಜ್ ಆಗಿ ಗಾಡಿ ನಡುರಸ್ತೆಯಲ್ಲಿ ನಿಲ್ಲುವುದು. ಹೆಚ್ಚು ಹಾಕಿಸಿದರೆ ಹಿಂದೆ ಬರುವವನ ಮುಖಕ್ಕೆ ನೀಲಿ ಹೊಗೆ, ಅಪರೂಪಕ್ಕೊಮ್ಮೆ ಪ್ಲಗ್ ಬಿಚ್ಚಿ ಒರೆಸುವ ಕೆಲಸ, ಅಷ್ಟೆ. ಇಂಥ ಪಾಠಶಾಲೆಯಲ್ಲಿ ಪಳಗಿದ ಕೈ ಮುಂದೆ ಕಾರಿನ ಚೇಂಬರಿಗೆ ಎಣ್ಣೆ ಹೊಯ್ಯುವಾಗ ಸಹಜವಾಗಿಯೇ ಹೆಚ್ಚಿನ ಕಡೆಗೆ ವಾಲುತ್ತದೆ.

ಕಾರಿನ ಫೋರ್-ಸ್ಟ್ರೋಕ್ ಎಂಜಿನ್ನಿನ ವ್ಯವಸ್ಥೆಯೇ ಬೇರೆ. ತಳದ ಚೇಂಬರಿನಲ್ಲಿ ನಿಂತಿರುವ ಎಣ್ಣೆಯನ್ನು ಪಂಪು ಜಾಲರಿಯ ಮೂಲಕ ಹೀರಿ, ಫಿಲ್ಟರಿನಲ್ಲಿ ಸೋಸಿ, ಒತ್ತಡದಿಂದ ಬೇರಿಂಗುಗಳ ಸಂದಿಗೆ ತಲಪಿಸುತ್ತದೆ; ಅಲ್ಲಿಂದ ಅದು ಜಾರಿ ಪುನಃ ತಳ ಸೇರುತ್ತದೆ. ಈ ಎಣ್ಣೆಯ ಮೇಲ್ಮೈಗೂ ಸುತ್ತುವ ಕ್ರ್ಯಾಂಕ್ ಶಾಫ್ಟಿನ ತೂಕದ ತುಂಡುಗಳಿಗೂ ನಡುವೆ ಬಯಲೊಂದಿರಬೇಕೆಂದು ಎಂಜಿನ್ನನ್ನು ರೂಪಿಸಿದವರು ಉದ್ದೇಶಪೂರ್ವಕವಾಗಿ ಏರ್ಪಡಿಸಿರುತ್ತಾರೆ. ನಿಮಿಷಕ್ಕೆ 3000 ಸುತ್ತು, ಎಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತಿರುವ ಆ ಉಕ್ಕಿನ ಭಾಗಗಳು ಮೇಲೇರಿದ ಎಣ್ಣೆಯನ್ನು ತಾಕಿದರೆ ಅದನ್ನು ಕಡೆದು ನೊರೆಯೆಬ್ಬಿಸುತ್ತವೆ. ಎಣ್ಣೆಯ ಬಲವಿರುವುದು ಅದು ಒತ್ತಿದರೆ ಕುಗ್ಗದ ದ್ರವವಾಗಿರುವುದರಲ್ಲಿ. ಗಾಳಿಯ ಗುಳ್ಳೆಗಳು ಸೇರಿದ ಎಣ್ಣೆ ಕುಗ್ಗುತ್ತದೆ, ಬೇರಿಂಗಿನ ಲೋಹಗಳೆರಡನ್ನು ಬೇರ್ಪಡಿಸಿಡತಕ್ಕ ತೆಳುಪದರ ಅಲ್ಲಲ್ಲಿ ಹರಿಯುತ್ತದೆ. ಹೀಗೆ ಎಣ್ಣೆ ಅತಿಯಾದ ಎಂಜಿನ್ನು ಕೊನೆಗೆ ಎಣ್ಣೆಯ ಕೊರತೆಯಿಂದಲೇ ಸವೆಯುವುದೊಂದು ವಿಪರ್ಯಾಸ. ಜೊತೆಗೆ, ಚೇಂಬರಿನ ಆವಿಯನ್ನು ಮರಳಿ ಗಾಳಿಯ ದಾರಿಗೆ ಸೇರಿಸುವ ಕೊಳವೆಯ ಮೂಲಕ ಎಣ್ಣೆಯೂ ಸಾಗಿ ಸಿಲಿಂಡರಿನಲ್ಲಿ ಉರಿಯುತ್ತದೆ. ಅದರ ಬೂದಿಯಿಂದ ಸೈಲೆನ್ಸರಿನ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರು ಕೆಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹಾಗೆ ಒಳಸೇರಿದ ಎಣ್ಣೆಯೇ ಇಂಧನವಾಗಿ, ಕೀಲಿ ತಿರುಗಿಸಿ ಆರಿಸಿದರೂ ಎಂಜಿನ್ನು ನಿಲ್ಲದೆ ಹುಚ್ಚೆದ್ದು ಓಡುವ ಪ್ರಸಂಗಗಳೂ ಉಂಟು, ವಿರಳವಾದರೂ.

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ಇಲ್ಲಿ ಎತ್ತಿ ಹಿಡಿದು ಓದುಗರನ್ನು ಹೆದರಿಸುವುದು ಸುಲಭ. ನಾನು ಹಾಗೆ ಮಾಡಲಾರೆ. ಮೇಲ್ಗೆರೆಯಿಂದ ಕೂದಲೆಳೆಯಷ್ಟೋ ಅಕ್ಕಿಕಾಳಿನಷ್ಟೋ ಎಣ್ಣೆ ಮೇಲೆ ನಿಂತ ಮಾತ್ರಕ್ಕೆ ಎಂಜಿನ್ನು ಬೋರ್‌ಗೆ ಬರುವುದಿಲ್ಲ. ಅನೇಕ ಕಾರುಗಳಲ್ಲಿ ಗೇಜಿನ ಎರಡು ಗೆರೆಗಳ ಅಂತರ ಸುಮಾರು ಮುಕ್ಕಾಲರಿಂದ ಒಂದು ಲೀಟರಿಗೆ ಸಮ. ಆ ಅಳತೆಯನ್ನು ಮನಸ್ಸಿನಲ್ಲಿಟ್ಟು ನೋಡಿದರೆ ನೂರು ಮಿಲಿಲೀಟರಿನ ಹೆಚ್ಚಳ ಕ್ಷಮ್ಯವೆಂದೂ, ಅರ್ಧ ಲೀಟರಿನದು ತೆಗೆಯಲೇಬೇಕಾದುದೆಂದೂ ತಿಳಿಯಬಹುದು. ಅಂತೆಯೇ, ಎಣ್ಣೆ ಮೇಲ್ಗೆರೆಗೇ ಮುಟ್ಟಿರಬೇಕೆಂಬ ಹಟವೂ ನಿಷ್ಕಾರಣ. ಗೆರೆಗಳ ನಡುವೆ ಎಲ್ಲಿ ನಿಂತರೂ ಎಂಜಿನ್ನಿಗೆ ಸಮ್ಮತವೇ, ಕೆಳಗೆರೆಯ ಸಮೀಪಕ್ಕಿಂತ ಮೇಲ್ಭಾಗವು ದೂರ ಪ್ರಯಾಣಕ್ಕೆ ಲೇಸು ಎಂಬಷ್ಟೇ ವ್ಯತ್ಯಾಸ. ಕೆಳಗೆರೆಗಿಂತಲೂ ಇಳಿದ ಎಣ್ಣೆ ಮಾತ್ರ ನಿಜವಾದ ಆತಂಕ: ಬೆಟ್ಟದ ತಿರುವುಗಳಲ್ಲಿ ಅದು ಒಂದು ಪಕ್ಕಕ್ಕೆ ಸರಿದಾಗ ಪಂಪಿನ ಜಾಲರಿ ಬಯಲಾಗಿ ಗಾಳಿಯನ್ನು ಹೀರಬಹುದು.

ಈಗ ನೋಡುವ ಕ್ರಮ. ಇಲ್ಲಿ ನಮ್ಮ ಮೊಹಲ್ಲಾದ ಭೂಗೋಳವೇ ಸುಳ್ಳುಸಾಕ್ಷಿ ಹೇಳಿಸುತ್ತದೆ. ಸಯ್ಯಾಜಿರಾವ್ ರಸ್ತೆಯ ಪಶ್ಚಿಮಕ್ಕೆ ಶಿವರಾಮಪೇಟೆಯ ಕಡೆ ಹಬ್ಬಿರುವ ಒಳಬೀದಿಗಳು ಟಾಂಗಾಗಳ ಕಾಲದ ಅಗಲವನ್ನೇ ಉಳಿಸಿಕೊಂಡಿರುವುದರಿಂದ, ಎದುರಿನಿಂದ ಬರುವವರಿಗೆ ದಾರಿಬಿಡುವ ಸಲುವಾಗಿ ಕಾರಿನ ಎಡಚಕ್ರಗಳನ್ನು ಚರಂಡಿಯ ಚಪ್ಪಡಿಯ ಮೇಲೇರಿಸಿ, ಬಲಚಕ್ರಗಳನ್ನು ನಾಲ್ಕು ಬೆರಳು ಕೆಳಗೆ ಬಿಟ್ಟು ನಿಲ್ಲಿಸುವುದು ಇಲ್ಲಿನ ಶಿಷ್ಟಾಚಾರ. ಹಾಗೆ ಓರೆಯಾಗಿ ನಿಂತ ಕಾರಿನ ಬಾನೆಟ್ಟೆತ್ತಿ ಗೇಜನ್ನು ಸೆಳೆದರೆ, ಅದು ಎಂಜಿನ್ನಿನ ಯಾವ ಪಕ್ಕದಲ್ಲಿದೆಯೆಂಬುದರ ಮೇಲೆ ಅದೇ ಎಣ್ಣೆ ಹೆಚ್ಚಾಗಿಯೋ ಕಡಿಮೆಯಾಗಿಯೋ ಕಾಣುತ್ತದೆ. ಕೊರತೆಯೆಂದು ತಿಳಿದು ಅರ್ಧ ಲೀಟರು ಹೊಯ್ದವನು ವಸ್ತುತಃ ಅರ್ಧ ಲೀಟರು ಹೆಚ್ಚಿಸಿರುತ್ತಾನೆ. ಜ್ಯಾಕ್ ಮೇಲೆ ಮುಂಭಾಗವನ್ನೆತ್ತಿರುವಾಗಲೇ ಮಟ್ಟ ನೋಡುವುದೂ ಇದೇ ಜಾತಿಯ ತಪ್ಪು. ಸಮತಟ್ಟಾದ ಜಾಗಕ್ಕೆ ಕಾರನ್ನು ಸರಿಸುವ ಶ್ರಮಕ್ಕೆ ಬೇರೆ ಪರ್ಯಾಯವಿಲ್ಲ.

ಸಮಯದ ವಿಷಯದಲ್ಲಿ ಎರಡು ಪಕ್ಷಗಳುಂಟು. ಮುಂಜಾನೆ ತಣ್ಣಗಿರುವಾಗ ನೋಡುವುದೇ ಶುದ್ಧವೆಂದು ಒಂದು ಪಕ್ಷ, ಓಡಿಸಿ ಬಿಸಿಯಾದ ಮೇಲೆ ನೋಡಬೇಕೆಂದು ಮತ್ತೊಂದು. ತಣ್ಣಗಿರುವಾಗ ಎಣ್ಣೆಯೆಲ್ಲ ತಳ ಸೇರಿರುತ್ತದೆಂಬುದು ನಿಜ. ಬಿಸಿಯಾದಾಗ ಅದು ಹಿಗ್ಗಿರುತ್ತದೆಂಬುದೂ ನಿಜ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಎಂಜಿನ್ ಎಣ್ಣೆಯ ಗಾತ್ರ ಸುಮಾರು ಶೇಕಡಾ 0.07ರಷ್ಟು ಹೆಚ್ಚುವುದರಿಂದ, 70 ಡಿಗ್ರಿಯ ಏರಿಕೆಗೆ ನಾಲ್ಕು ಲೀಟರ್ ಎಣ್ಣೆ ಹತ್ತಿರ ಹತ್ತಿರ 200 ಮಿಲಿಲೀಟರು ಹಿಗ್ಗುತ್ತದೆ. ಎಂದರೆ ಗೆರೆಗಳ ಅಂತರದಲ್ಲಿ ಐದರಲ್ಲೊಂದು ಪಾಲಿಗೂ ಮಿಗಿಲಾದೀತು. ಯಾವ ಸ್ಥಿತಿಯನ್ನು ಎಣಿಸಿ ಗೆರೆಗಳನ್ನು ಕೊರೆದಿದ್ದಾರೆಂಬುದನ್ನು ಆಯಾ ಕಾರಿನ ಕೈಪಿಡಿಯೇ ಹೇಳಬೇಕು, ಹೇಳುತ್ತದೆ ಕೂಡ. ಹೆಚ್ಚಿನವು ಎಂಜಿನ್ನು ಬಿಸಿಯಾಗಿದ್ದು ಆರಿಸಿದ ಕೆಲವು ನಿಮಿಷಗಳ ಅನಂತರ ನೋಡಿರೆನ್ನುತ್ತವೆ. ಆ ಕೆಲವು ನಿಮಿಷಗಳ ತಾಳ್ಮೆಯೇ ನಮ್ಮಲ್ಲಿ ದುರ್ಲಭವಾದುದು: ಎಣ್ಣೆ ಹೊಯ್ದ ಕ್ಷಣವೇ ಗೇಜನ್ನು ಸೆಳೆದು, ಕೊಳವೆಯ ಗೋಡೆಗಂಟಿದ ಎಣ್ಣೆಯ ಲೇಪವನ್ನೇ ಮಟ್ಟವೆಂದು ಓದುವವರನ್ನು ಎಲ್ಲ ಕಡೆಯೂ ಕಾಣುತ್ತೇವೆ. ಮೊದಲ ಸಲ ಸೆಳೆದುದನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ, ಪೂರ್ತಿಯಾಗಿ ಒಳತಳ್ಳಿ, ಎರಡನೆಯ ಸಲ ಸೆಳೆದಾಗ ಕಂಡುದೇ ಮಟ್ಟ. ಎರಡು ಮಗ್ಗುಲಲ್ಲಿ ಬೇರೆಬೇರೆ ಕಂಡರೆ ಕೆಳಗಿನದನ್ನೇ ನಂಬತಕ್ಕುದು.

ಡ್ಯಾಶ್ ಬೋರ್ಡಿನಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪವಿರುವಾಗ ಗೇಜೇಕೆ ಎನ್ನುವವರಿಗೆ ಒಂದೇ ಮಾತು ಸಾಕು. ಸಾಮಾನ್ಯವಾಗಿ ಆ ದೀಪವು ಎಣ್ಣೆಯ ಒತ್ತಡವನ್ನು ಕಾಯುತ್ತದೆ, ಮಟ್ಟವನ್ನು ಕಾಯುವುದಿಲ್ಲ. ಮಟ್ಟ ಕುಸಿದು ಒತ್ತಡವೂ ಕುಸಿದು ಅದು ಹೊತ್ತಿಕೊಂಡಾಗ ಮಾಡಬೇಕಾದುದು ಎಂಜಿನ್ನನ್ನು ಆ ಕ್ಷಣವೇ ಆರಿಸುವುದು.

ಎಣ್ಣೆ ಕಪ್ಪಗಾಯಿತೆಂದು ಹೊಸದನ್ನು ಹಾಕಿಸುವ ಆತುರವೂ ಅಷ್ಟೇ ಅನಗತ್ಯ. ಡೀಸೆಲ್ ಎಂಜಿನ್ನಿನ ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡಿರುವುದೇ ಎಣ್ಣೆಯ ಕರ್ತವ್ಯವಾದುದರಿಂದ ಅದು ಬೇಗನೆ ಕಪ್ಪಾಗುವುದು ಸಹಜ. ಬಣ್ಣಕ್ಕಿಂತ ಗಮನಕ್ಕೆ ಅರ್ಹವಾದುದು ತಾನಾಗಿ ಏರುವ ಮಟ್ಟ. ಎಣ್ಣೆ ಇಳಿಯುತ್ತದೆಂದು ಬಲ್ಲವರು ಅದು ಏರಬಹುದೆಂದು ನಂಬುವುದಿಲ್ಲ. ಯಾರೂ ಹೊಯ್ಯದೆ ಎಲ್ಲಿಂದ ಬಂದೀತೆಂಬುದು ಅವರ ತರ್ಕ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಫಿಲ್ಟರಿದ್ದು, ಅದರಲ್ಲಿ ಕೂಡಿದ ಮಸಿಯನ್ನು ಸುಡಲು ಅನೇಕ ಎಂಜಿನ್ನುಗಳು ಸಿಲಿಂಡರಿಗೆ ಹೆಚ್ಚಿನ ಡೀಸೆಲನ್ನು ತಡವಾಗಿ ಚಿಮ್ಮಿಸುತ್ತವೆ. ಮಾರುಕಟ್ಟೆಯಿಂದ ಸರಸ್ವತಿಪುರಕ್ಕೆ ಹೋಗಿಬರುವಂಥ ಕಿರುಪ್ರಯಾಣಗಳಲ್ಲಿ ಈ ಸುಡುವಿಕೆ ನಡುವೆಯೇ ನಿಂತುಹೋಗಿ ಮತ್ತೆ ಮತ್ತೆ ಆರಂಭವಾಗುವುದರಿಂದ, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗಳಿಂದ ಜಾರಿ ಎಣ್ಣೆಗೆ ಸೇರುತ್ತದೆ. ಮಟ್ಟ ಏರಿತು, ಎಣ್ಣೆ ತಿನ್ನದ ಒಳ್ಳೆಯ ಎಂಜಿನ್ನು ಎಂದು ಹಿಗ್ಗುವವನ ಚೇಂಬರಿನಲ್ಲಿರುವುದು ತೆಳುವಾದ ಮಿಶ್ರಣ. ಅದನ್ನು ಬದಲಿಸದೆ ವಿಧಿಯಿಲ್ಲ. ಎಣ್ಣೆ ಹಾಲಿನಂತೆ ಬಿಳಿಚಿಕೊಂಡು ಮಟ್ಟ ಏರಿದ್ದರೆ ರೇಡಿಯೇಟರಿನ ನೀರು ಒಳಸೇರಿರುವ ಸಂಭವವುಂಟು, ಆಗ ಕಾರನ್ನು ಓಡಿಸದೆ ಎಳೆಸಿಕೊಂಡೇ ಹೋಗಬೇಕು.

ಹೊಯ್ದದ್ದೇ ಹೆಚ್ಚಾಗಿದ್ದರೆ ಪರಿಹಾರ ಕಷ್ಟದ್ದಲ್ಲ. ಡ್ರೈನ್ ನಟ್ಟನ್ನು ಸಡಿಲಿಸಿ ಸ್ವಲ್ಪ ಸುರಿಸುವುದು ಒಂದು ಬಗೆ, ಕೈ ಸುಡುವ ಭಯವೂ ವಾಷರು ಹಾಳಾಗುವ ಭಯವೂ ಅದರಲ್ಲಿವೆ. ಗೇಜಿನ ರಂಧ್ರದ ಮೂಲಕ ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನಿಳಿಸಿ ದೊಡ್ಡ ಸಿರಿಂಜಿನಿಂದ ಹೀರಿ ತೆಗೆಯುವುದು ಅದಕ್ಕಿಂತ ನಾಜೂಕು. ನೂರು ಮಿಲಿಲೀಟರು ತೆಗೆದು ಒಮ್ಮೆ ನೋಡಿ, ಮತ್ತೆ ನೂರು ತೆಗೆಯಬಹುದು. ಹೊರಬಂದ ಎಣ್ಣೆಯನ್ನು, ಕಾರಿನ ಎಡಚಕ್ರ ನಿಂತಿರುವ ಆ ಚಪ್ಪಡಿಯ ಸಂದಿಯಿಂದ ಚರಂಡಿಗೆ ಬಗ್ಗಿಸುವುದು ಮಾತ್ರ ಕೂಡದು. ಬಳಸಿದ ಎಂಜಿನ್ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಸೇರಿದ ಪದಾರ್ಥ. ಅದನ್ನು ಹಳೆಯ ಡಬ್ಬದಲ್ಲಿಯೇ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಅಧಿಕೃತ ಮರುಬಳಕೆಗೆ ಕಳುಹಿಸುವ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸಬೇಕು.