ಸ್ನಾನದ ನೀರಿಗೆ ಹಂಡೆಯೋ, ಗೀಸರೋ, ಸೋಲಾರೋ?



ಚಳಿಗಾಲ ಬಂತೆಂದರೆ ಸಂಘದ ಸಭೆಗಳಲ್ಲಿ ಗೀಸರ್‌ಗೆ, ಸೋಲಾರ್‌ಗೆ ಎಂದು ಸಾಲದ ಅರ್ಜಿಗಳು ಬರುತ್ತವೆ. ಪಕ್ಕದ ಮನೆಯವರು ಹಾಕಿಸಿದ್ದಾರೆ, ನಮಗೂ ಬೇಕು ಅನ್ನೋದು ಸಹಜ. ಆದರೆ ಎಲ್ಲರ ಮನೆಗೂ ಒಂದೇ ವ್ಯವಸ್ಥೆ ಹೊಂದುವುದಿಲ್ಲ. ಅರ್ಜಿ ಬರೆಯುವ ಮುಂಚೆ ಸ್ವಲ್ಪ ಲೆಕ್ಕ ಹಾಕೋಣ.

ಐದು ಜನರ ಮನೆಯಲ್ಲಿ ಒಬ್ಬರಿಗೆ ಒಂದು ಬಕೆಟ್, ಅಂದರೆ 15 ಲೀಟರ್‌ನಂತೆ, ದಿನಕ್ಕೆ 75 ಲೀಟರ್ ಬಿಸಿನೀರು ಬೇಕು. ಇಷ್ಟು ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು 1.75 ಯೂನಿಟ್ ಕರೆಂಟು ಬೇಕು. ವ್ಯರ್ಥವಾಗುವುದನ್ನೂ ಸೇರಿಸಿ 2 ಯೂನಿಟ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 60 ಆಯಿತು. ಸಣ್ಣ ಕಾಯಿಲ್‌ಗೆ ಕರೆಂಟು ಕಡಿಮೆ ಸಾಕು ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. 1000 ವ್ಯಾಟ್‌ನ ಕಾಯಿಲ್ ಒಂದು ಬಕೆಟ್‌ಗೆ 20 ನಿಮಿಷ ದಾಟಿಸುತ್ತದೆ, 2000 ವ್ಯಾಟ್‌ನ ಗೀಸರ್ ಅರ್ಧ ಹೊತ್ತಿನಲ್ಲಿ ಮುಗಿಸುತ್ತದೆ. ಮೀಟರ್ ಓಡೋದು ಹೆಚ್ಚುಕಮ್ಮಿ ಒಂದೇ.

ಗೃಹಜ್ಯೋತಿ ಇದೆಯಲ್ಲ ಎನ್ನುತ್ತೀರಿ. 2023ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮ್ಮ ಮನೆಯ ಉಚಿತ ಯೂನಿಟ್ ನಿಗದಿಯಾಗಿರುವುದು 2022-23ರ ಸರಾಸರಿ ಬಳಕೆಯ ಮೇಲೆ. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಹೊಸದಾಗಿ ಗೀಸರ್ ಹಾಕಿದರೆ ಆ 60 ಯೂನಿಟ್‌ನಲ್ಲಿ ಬಹುಪಾಲು ನಿಮ್ಮ ಕೈಯಿಂದಲೇ ಹೋಗುತ್ತದೆ.

ಕಾಯಿಲ್ ಅಗ್ಗ, ಬಾಡಿಗೆ ಮನೆಗೂ ಸರಿ. ಆದರೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಬಿಸಿಯಾಯ್ತಾ ಎಂದು ಬೆರಳು ಅದ್ದಿ ನೋಡುವ ಅಭ್ಯಾಸ ಜೀವ ತೆಗೆಯುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕಾಯಿಲ್, ಗೀಸರ್ ಎರಡೂ ಬೇಡ. ಮೊದಲು ವೈರಿಂಗ್ ಸರಿ ಮಾಡಿಸಿ.

ಗ್ಯಾಸ್ ಗೀಸರ್ ಬೇಗ ಬಿಸಿನೀರು ಕೊಡುತ್ತದೆ. ನಮ್ಮ ಲೆಕ್ಕದ 75 ಲೀಟರ್‌ಗೆ ತಿಂಗಳಿಗೆ ಸುಮಾರು 5 ಕಿಲೋ ಗ್ಯಾಸ್, ಅಂದರೆ 14.2 ಕಿಲೋ ಸಿಲಿಂಡರ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಖರ್ಚಿಗಿಂತ ದೊಡ್ಡ ಭಯ ಬೇರೆ ಇದೆ. ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಬೆಂಗಳೂರಿನಲ್ಲೂ ಹೀಗೆ ಸಾವುಗಳಾಗಿವೆ. ಗೀಸರ್, ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಇರಬೇಕು, ನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಅದಕ್ಕೆ ಜಾಗವಿಲ್ಲದವರಿಗೆ ಗ್ಯಾಸ್ ಗೀಸರ್ ಬೇಡವೇ ಬೇಡ.

ಇನ್ನು ನಮ್ಮ ಹಂಡೆ ಒಲೆ. ತೆಂಗಿನ ಮಟ್ಟೆ, ಗರಿ, ಅಡಿಕೆ ಹಾಳೆ ತೋಟದಲ್ಲೇ ಸಿಗುವವರು ಇದನ್ನು ಬಿಡಬೇಕಾಗಿಲ್ಲ. ತೊಂದರೆ ಹಂಡೆಯದ್ದಲ್ಲ, ಒಲೆಯದ್ದು. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಬೆಂಕಿಯ ಬಿಸಿ ಬಹುಪಾಲು ಹೊರಗೇ ಹೋಗುತ್ತದೆ, ನೀರಿಗೆ ಸೇರುವುದು ಹತ್ತರಲ್ಲೊಂದು ಪಾಲಿನಷ್ಟು. ಆ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಕಿಲೋದಷ್ಟು ಒಣ ಸೌದೆ ಬೇಕು. ಹೊಗೆ ಕುಡಿಯೋದು ಯಾರು? ಬೆಳಿಗ್ಗೆ ಎದ್ದು ಊದುವವಳು. (ಬಿಸಿನೀರು ಕೊನೆಗೆ ಸಿಗೋದೂ ಅವಳಿಗೇ!) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ 1980ರ ದಶಕದಲ್ಲಿ ಅಡುಗೆಗೆ ಅಸ್ತ್ರ ಒಲೆ ರೂಪಿಸಿತು. ಮುಚ್ಚಿದ ಗೂಡು, ಕೆಳಗಿನಿಂದ ಗಾಳಿ ಬರಲು ಕಬ್ಬಿಣದ ಜಾಲರಿ, ಹೊಗೆಗೆ ಚಿಮಣಿ. ಇದೇ ಕ್ರಮದಲ್ಲಿ ಹಂಡೆಯ ಸುತ್ತ ಇಟ್ಟಿಗೆ ಕಟ್ಟಿಸಿ, ಹಂಡೆಗೆ ಮುಚ್ಚಳ ಹಾಕಿದರೆ ಸೌದೆ ಎಷ್ಟೋ ಉಳಿಯುತ್ತದೆ. ಹಳೆಯ ತಾಮ್ರದ ಬಾಯ್ಲರ್ ಇರುವವರು ಅದನ್ನು ಗುಜರಿಗೆ ಹಾಕಬೇಡಿ. ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು. ಕಡಿಮೆ ಸೌದೆಗೆ ಬೇಗ ಕಾಯುತ್ತದೆ. ಆದರೆ ಇದ್ದಿಲು ಹಾಕಿದ ಬಾಯ್ಲರನ್ನೂ ಮುಚ್ಚಿದ ಬಚ್ಚಲಿನಲ್ಲಿ ಇಡಬಾರದು.

ಸ್ವಂತ ತಾರಸಿ ಮನೆ ಇದ್ದರೆ ಸೋಲಾರ್ ಒಳ್ಳೆಯದು. 100 ಲೀಟರ್‌ಗೆ ಸುಮಾರು 2 ಚದರ ಮೀಟರ್ ಫಲಕ ಬೇಕು, ಅದು ದಕ್ಷಿಣಕ್ಕೆ ಮುಖ ಮಾಡಿರಬೇಕು, ಮರದ ನೆರಳು ಬೀಳಬಾರದು. ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಅದಿಲ್ಲದಿದ್ದರೆ ಅದರ ಖರ್ಚನ್ನೂ ಸೇರಿಸಿ. ಬೋರ್‌ವೆಲ್‌ನ ಗಡಸು ನೀರಾದರೆ ತಾಮ್ರದ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ, ಅಲ್ಲಿ ಗಾಜಿನ ಕೊಳವೆಯದ್ದು ಮೇಲು. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಅಪರೂಪ, ಆದ್ದರಿಂದ ಹಂಡೆಯನ್ನು ಕೀಳಬೇಡಿ.

ಸೋಲಾರ್‌ಗೆ ಸಾಲ ಕೇಳುವವರು ಪೈಪು, ಸ್ಟ್ಯಾಂಡ್, ಜೋಡಣೆಯ ಕೂಲಿ, ಗ್ಯಾರಂಟಿ ಎಷ್ಟು ವರ್ಷ ಎಂಬುದನ್ನೆಲ್ಲ ಅಂಗಡಿಯವರಿಂದ ಕೊಟೇಶನ್‌ನಲ್ಲೇ ಬರೆಸಿಕೊಂಡು ಅರ್ಜಿಯ ಜೊತೆ ತನ್ನಿ.