ಒಂದು ಕೋಟಿ ಚೀಟಿ, ಒಂದೇ ಅಕ್ಷರ

ಒಂದು ಚೀಟಿಯನ್ನು ಎತ್ತಿಕೊಂಡು, ಅದರಲ್ಲಿ ಬರೆದದ್ದನ್ನು ಓದಿ, ಕೆಳಗಿಡಲು ಒಂದು ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಬೇರೇನೂ ಮಾಡದೆ ಇದನ್ನೇ ಮಾಡಿದರೆ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿರುವ ಸಂಸ್ಕೃತ ಚೀಟಿಗಳನ್ನು ಒಮ್ಮೆ ನೋಡಿ ಮುಗಿಸಲು ಸುಮಾರು 70 ವರ್ಷ ಬೇಕು. 25ನೇ ವಯಸ್ಸಿನಲ್ಲಿ ಕುಳಿತವರು 95ಕ್ಕೆ ಏಳುತ್ತಾರೆ. ಅದೂ ಬರೀ ಕಣ್ಣಾಡಿಸುವುದಕ್ಕೆ. ಆ ಚೀಟಿಗಳನ್ನು ಬರೆದವರ ಲೆಕ್ಕ ಬೇರೆಯೇ ಇದೆ.

ಅಲ್ಲಿರುವ ಚೀಟಿಗಳ ಸಂಖ್ಯೆ ಸುಮಾರು ಒಂದು ಕೋಟಿ. ಐತಿಹಾಸಿಕ ಕ್ರಮದ ಸಂಸ್ಕೃತ ವಿಶ್ವಕೋಶಾತ್ಮಕ ನಿಘಂಟು ಎಂಬ ಒಂದು ಪುಸ್ತಕಕ್ಕಾಗಿ ಅವು ಹುಟ್ಟಿದವು. ಪುಸ್ತಕ ಎಂಬ ಮಾತು ಇದಕ್ಕೆ ಹೊಂದುವುದಿಲ್ಲ, ಆದರೆ ಬೇರೆ ಮಾತಿಲ್ಲ. ಇಂದು ಡೀಮ್ಡ್ ವಿಶ್ವವಿದ್ಯಾಲಯವಾಗಿರುವ ಈ ಕಾಲೇಜಿನ ಭಾಷಾ ವಿಭಾಗದವರು ಮುಕ್ಕಾಲು ಶತಮಾನದಿಂದ ಇದನ್ನು ಹೊತ್ತು ನಡೆದಿದ್ದಾರೆ. ಮಾನವಿಕ ವಿಭಾಗಗಳಲ್ಲಿ ಮೇಷ್ಟ್ರುಗಳು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಚೀಟಿಗಳು.

ಡೆಕ್ಕನ್ ಕಾಲೇಜು ಹುಟ್ಟಿದ್ದು 1821ರಲ್ಲಿ. ನಡುವೆ ಮುಚ್ಚಿಹೋಗಿ, 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಮತ್ತೆ ಕಣ್ಣು ತೆರೆಯಿತು. ನಿಘಂಟಿನ ಯೋಜನೆಯನ್ನು ಕಟ್ಟಿದವರು ಸುಮಿತ್ರ ಮಂಗೇಶ ಕತ್ರೆ. ಅವರು ನಮ್ಮ ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಊರಿನಲ್ಲಿ, 1906ರಲ್ಲಿ ಹುಟ್ಟಿದವರು. ಕೊಂಕಣಿ ಹೇಗೆ ರೂಪುಗೊಂಡಿತೆಂದು ಪುಸ್ತಕ ಬರೆದ ಭಾಷಾವಿಜ್ಞಾನಿ, ಪಾಣಿನಿಯನ್ನು ಅರೆದು ಕುಡಿದವರು. 1948ರಲ್ಲಿ, ಸ್ವಾತಂತ್ರ್ಯ ಬಂದು ವರ್ಷವಾಗುವಷ್ಟರಲ್ಲಿ, ಅವರ ನೇತೃತ್ವದಲ್ಲಿ ಕೆಲಸ ಆರಂಭವಾಯಿತು.

ಕೆಲಸದ ಸ್ವರೂಪ ಹೀಗೆ. ಋಗ್ವೇದದಿಂದ ಹಿಡಿದು ಹತ್ತೊಂಬತ್ತನೇ ಶತಮಾನದವರೆಗಿನ ಸುಮಾರು 1,500 ಸಂಸ್ಕೃತ ಗ್ರಂಥಗಳನ್ನು ಆರಿಸಿಕೊಳ್ಳುವುದು. ಅವನ್ನು ಸಾಲು ಸಾಲಾಗಿ ಓದುವುದು. ಪದ ಸಿಕ್ಕಲ್ಲಿ ಚೀಟಿ ಬರೆಯುವುದು: ಪದ ಯಾವುದು, ಯಾವ ಗ್ರಂಥ, ಎಷ್ಟನೆಯ ಶ್ಲೋಕ ಅಥವಾ ಪುಟ, ಆ ಸಂದರ್ಭದಲ್ಲಿ ಅರ್ಥವೇನು, ಟೀಕಾಕಾರ ಏನೆನ್ನುತ್ತಾನೆ. ಆಮೇಲೆ ಒಂದೊಂದು ಪದದ ಚೀಟಿಗಳನ್ನು ಕಾಲಾನುಕ್ರಮವಾಗಿ ಜೋಡಿಸಿ, ಯಾವ ಅರ್ಥ ಮೊದಲು ಎಲ್ಲಿ ಕಾಣಿಸಿಕೊಂಡಿತು, ಎಲ್ಲಿ ತಿರುಗಿತು, ಎಲ್ಲಿ ಸತ್ತಿತು ಎಂದು ಹೇಳುವುದು. ಕೇಳಲು ಸರಳ. ಆದರೆ ಆ 1,500 ಗ್ರಂಥಗಳು 62 ಶಾಸ್ತ್ರಗಳಿಗೆ ಸೇರಿವೆ. ವೇದ, ವ್ಯಾಕರಣ, ಕಾವ್ಯ ಇರುವುದು ಸಹಜ. ಅವುಗಳ ಜೊತೆಗೆ ವೈದ್ಯ, ಗಣಿತ, ವಾಸ್ತು, ಸಂಗೀತ, ಕೃಷಿ, ರಸವಿದ್ಯೆ, ಯುದ್ಧವಿದ್ಯೆ, ಪಶುವೈದ್ಯ, ಶಾಸನಗಳು. 'ಅಂಕ' ಎಂಬ ಎರಡಕ್ಷರ ಕವಿಗೆ ಮಡಿಲು, ನಾಟಕಕಾರನಿಗೆ ನಾಟಕದ ಭಾಗ, ಗಣಿತಜ್ಞನಿಗೆ ಸಂಖ್ಯೆಯ ಚಿಹ್ನೆ, ಇನ್ನೊಬ್ಬನಿಗೆ ಬರೀ ಗುರುತು. ಚೀಟಿ ಬರೆಯುವವನಿಗೆ ಇವರೆಲ್ಲರ ಮನೆಯ ಮಾತೂ ಗೊತ್ತಿರಬೇಕು.

1948ರಿಂದ 1973ರವರೆಗೆ, 25 ವರ್ಷ, ಸುಮಾರು 40 ವಿದ್ವಾಂಸರು ಈ ಕೆಲಸದಲ್ಲಿ ಕುಳಿತರು. ಇಲ್ಲಿ ನಿಂತು ಸ್ವಲ್ಪ ಭಾಗಾಕಾರ ಮಾಡಬೇಕು. ಕೋಟಿಯನ್ನು 25ರಿಂದ ಭಾಗಿಸಿದರೆ ವರ್ಷಕ್ಕೆ 4 ಲಕ್ಷ ಚೀಟಿ. ವರ್ಷಕ್ಕೆ 300 ಕೆಲಸದ ದಿನ ಹಿಡಿದರೆ ದಿನಕ್ಕೆ 1,300ಕ್ಕೂ ಹೆಚ್ಚು. ತಲೆಗೆ ದಿನಕ್ಕೆ 33. ಅಂದರೆ ಪ್ರತಿ ಕಾಲು ಗಂಟೆಗೆ ಒಂದು ಚೀಟಿ. ಆ ಕಾಲು ಗಂಟೆಯಲ್ಲೇ ಶ್ಲೋಕದ ಅನ್ವಯ ಬಿಡಿಸಬೇಕು, ಟೀಕೆ ನೋಡಬೇಕು, ಅರ್ಥ ನಿರ್ಧರಿಸಬೇಕು, ತಪ್ಪಿಲ್ಲದೆ ಬರೆಯಬೇಕು. ಮರುದಿನ ಮತ್ತೆ 33. ಇದು 25 ವರ್ಷ. ಕಂಪ್ಯೂಟರ್ ಇಲ್ಲ, ಹುಡುಕಿಕೊಡುವ ಯಂತ್ರವಿಲ್ಲ. ಮೊದಲ ಸಲ ಈ ಗುಣಾಕಾರ ಭಾಗಾಕಾರ ಮಾಡಿದಾಗ ನಾನು ಬೆರಗಾದದ್ದು ಕೋಟಿಗಲ್ಲ, ಈ 33ಕ್ಕೆ. ಕೋಟಿ ಎಂಬುದು ಸರ್ಕಾರದ ಬಜೆಟ್ಟಿನಲ್ಲೂ ಇರುತ್ತದೆ. 33 ಎಂಬುದು ಒಬ್ಬ ಮನುಷ್ಯ ಬೆಳಗ್ಗೆ ಕುಳಿತು ಸಂಜೆ ಏಳುವ ನಡುವೆ ಆಗುವಂಥದ್ದು.

ಮೂರು ಸಾವಿರಕ್ಕೂ ಹೆಚ್ಚು ಲೋಹದ ಡ್ರಾಯರುಗಳಲ್ಲಿ ಇವನ್ನು ಜೋಡಿಸಿಟ್ಟಿದ್ದಾರೆ. ಒಂದು ಹಾಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಎಂದು ಹಿಡಿದು ಒಂದರ ಮೇಲೊಂದು ಪೇರಿಸಿದರೆ ಕೋಟಿ ಚೀಟಿಗಳ ಎತ್ತರ ಒಂದು ಕಿಲೋಮೀಟರು. ಕತ್ರೆಯವರ ಹುಟ್ಟೂರಿನ ನದಿಯೇ ಮೇಲೆ ಜೋಗದಲ್ಲಿ 253 ಮೀಟರು ಧುಮುಕುತ್ತದಲ್ಲ, ಅಂಥ ನಾಲ್ಕು ಜೋಗ.

ಮೊದಲ ಸಂಪುಟ ಅಚ್ಚಾದದ್ದು 1976ರಲ್ಲಿ. ಪ್ರಧಾನ ಸಂಪಾದಕರು ಎ. ಎಂ. ಘಾಟಗೆ, ಪ್ರಾಕೃತದ ಘನ ವಿದ್ವಾಂಸರು. ದಕ್ಷಿಣ ಕನ್ನಡದ ಕೊಂಕಣಿಯನ್ನು ಆಡುಮಾತಿನಲ್ಲೇ ದಾಖಲಿಸಿ 1963ರಲ್ಲಿ ಪುಸ್ತಕ ಮಾಡಿದವರೂ ಅವರೇ. ಕತ್ರೆ ಅಷ್ಟರಲ್ಲಿ ನಿವೃತ್ತರಾಗಿದ್ದರು. ತಾನು ಶುರುಮಾಡಿದ ನಿಘಂಟಿನ ಒಂದು ಹಾಳೆಯೂ ತನ್ನ ಅಧಿಕಾರದ ಅವಧಿಯಲ್ಲಿ ಅಚ್ಚಾಗದ ನಿರ್ದೇಶಕ! ಕೆಲಸ ಶುರುವಾಗಿ 28 ವರ್ಷದ ಮೇಲೆ ಮೊದಲ ಸಂಪುಟ.

ಈವರೆಗೆ ಸುಮಾರು 35 ಸಂಪುಟಗಳು, ಆರು ಸಾವಿರಕ್ಕೂ ಮೀರಿದ ಪುಟಗಳು ಬಂದಿವೆ. ಎಲ್ಲವೂ ಒಂದೇ ಅಕ್ಷರ. 'ಅ'.

ಇದನ್ನು ಕೇಳಿ ಇದೆಂಥ ಆಮೆನಡಿಗೆ ಎನ್ನುವವರಿದ್ದಾರೆ. 'ಅ' ಎಷ್ಟು ದೊಡ್ಡದು ಎಂದು ಅವರು ನೋಡಿಲ್ಲ. ಸಂಸ್ಕೃತದಲ್ಲಿ ಯಾವ ನಾಮಪದದ ಹಿಂದಾದರೂ 'ಅ' ಅಥವಾ 'ಅನ್' ಹಚ್ಚಿ ಅದರ ನಿಷೇಧ ಮಾಡಬಹುದು: ಅಧರ್ಮ, ಅಜ್ಞಾನ, ಅನಂತ, ಅನಾದಿ. ಭಾಷೆಯ ಅರ್ಧ ಶಬ್ದಸಂಪತ್ತು ತನ್ನ ಇಲ್ಲದ ರೂಪದಲ್ಲಿ ಇಲ್ಲಿಗೇ ಬಂದು ಕೂರುತ್ತದೆ. ಅದು ಸಾಲದೆಂಬಂತೆ ಉಪಸರ್ಗಗಳು: ಅತಿ, ಅಧಿ, ಅನು, ಅಪ, ಅಭಿ, ಅವ. ಅಧಿಕಾರ, ಅನುಭವ, ಅಪಮಾನ, ಅಭಿಮಾನ, ಅವಕಾಶ ಎಂದು ನಾವು ಕನ್ನಡದಲ್ಲಿ ದಿನಕ್ಕೆ ಹತ್ತು ಬಾರಿ ಬಳಸುವ ಮಾತುಗಳ ಮೂಲ ಚೀಟಿಗಳೂ ಈ ಅಕ್ಷರದ ಡ್ರಾಯರುಗಳಲ್ಲೇ ಇವೆ. 1899ರ ಮೋನಿಯರ್ ವಿಲಿಯಮ್ಸ್ ನಿಘಂಟನ್ನು ತೆರೆದು ನೋಡಿದರೆ 1,300ಕ್ಕೂ ಹೆಚ್ಚು ಪುಟಗಳಲ್ಲಿ 'ಅ' ಒಂದೇ ಸುಮಾರು 125 ಪುಟ ನುಂಗಿದೆ. ಅಂದರೆ ಭಾಷೆಯ ಹತ್ತನೆಯ ಒಂದು ಪಾಲು. ಅದೇ ಪ್ರಮಾಣದಲ್ಲಿ ಪುಣೆಯ ನಿಘಂಟು ಮುಗಿದರೆ ಕಡಿಮೆಯೆಂದರೂ 350 ಸಂಪುಟ, 60,000 ಪುಟ.

ಜಗತ್ತಿನಲ್ಲಿ ಇದಕ್ಕೆ ಜೊತೆಗಾರರಿಲ್ಲವೆಂದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1857ರ ಆಲೋಚನೆ. 1928ರಲ್ಲಿ 10 ಸಂಪುಟಗಳಾಗಿ, 4 ಲಕ್ಷಕ್ಕೂ ಹೆಚ್ಚು ಪದಗಳೊಂದಿಗೆ ಮುಗಿಯಿತು. ಅದನ್ನು ಕಟ್ಟಿದ ಜೇಮ್ಸ್ ಮರ್ರೆ 1915ರಲ್ಲೇ ತೀರಿಕೊಂಡಿದ್ದರು. ಅವರ ಬಳಿ ಇದ್ದದ್ದು ಸುಮಾರು 50 ಲಕ್ಷ ಚೀಟಿ, ಪುಣೆಯ ಅರ್ಧ. ಆ ಚೀಟಿಗಳನ್ನು ಕಳಿಸಿದವರು ಸಾವಿರಾರು ಮಂದಿ ಸ್ವಯಂಸೇವಕ ಓದುಗರು. ಪುಣೆಯಲ್ಲಿ ಅಂಥ ಸೈನ್ಯವಿರಲಿಲ್ಲ. ಶಿಕಾಗೊ ವಿಶ್ವವಿದ್ಯಾಲಯದವರು ಸತ್ತು ಎರಡು ಸಾವಿರ ವರ್ಷವಾದ ಅಕ್ಕಾಡಿಯನ್ ಭಾಷೆಗೆ 1921ರಲ್ಲಿ ನಿಘಂಟು ಶುರುಮಾಡಿದರು; ಮೊದಲ ಸಂಪುಟ 1956ರಲ್ಲಿ, 21ನೇ ಸಂಪುಟ 2011ರಲ್ಲಿ. 28,000 ಪದಗಳಿಗೆ 90 ವರ್ಷ. ಕೆಲಸ ಆರಂಭಿಸಿದ ಬ್ರೆಸ್ಟೆಡ್ 1935ರಲ್ಲಿ ಹೋದವರು. ಮ್ಯೂನಿಕ್ಕಿನ ಲ್ಯಾಟಿನ್ ಮಹಾನಿಘಂಟು 1894ರಿಂದ ಇನ್ನೂ ನಡೆದಿದೆ. ನಮ್ಮ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ 8 ಸಂಪುಟಗಳು ಹೊರಬರಲು 1970ರಿಂದ 1995ರವರೆಗೆ ಹಿಡಿಯಿತು, ಅದರ ಹಿಂದಿನ ತಯಾರಿಯ ವರ್ಷಗಳು ಬೇರೆ. ಮುಗಿಯುವುದನ್ನು ನೋಡಲಾರೆ ಎಂದು ತಿಳಿದೇ ಕೈಹಾಕುವ ಜನ ಎಲ್ಲ ಕಡೆಯೂ ಇದ್ದಾರೆ. ಅವರಲ್ಲಿ ಬಹುಪಾಲು ಪಾಠ ಹೇಳುವವರು.

ಡೆಕ್ಕನ್ ಕಾಲೇಜಿನ ಆವರಣವೇ ಹಾಗೆ, ಅಲ್ಲಿ ದೊಡ್ಡ ಸಂಖ್ಯೆಗಳಿಗೆ ಯಾರೂ ಅಂಜುವುದಿಲ್ಲ. ಅಲ್ಲಿನ ಪುರಾತತ್ವ ವಿಭಾಗದ ಕೆ. ಪದ್ದಯ್ಯ ವರ್ಷಾನುಗಟ್ಟಲೆ ನಮ್ಮ ಹುಣಸಗಿ ಕಣಿವೆಯಲ್ಲಿ ಕಲ್ಲಿನ ಆಯುಧಗಳನ್ನು ಹುಡುಕಿದರು. ಅಲ್ಲಿನ ಇಸಾಂಪುರದಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಆ ನೆಲೆಯ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಹೊರಬಿತ್ತು. ಒಂದು ಕಟ್ಟಡದಲ್ಲಿ 12 ಲಕ್ಷ ವರ್ಷದ ಹಿಂದಿನ ಕೈ, ಇನ್ನೊಂದರಲ್ಲಿ ಮೂರು ಸಾವಿರ ವರ್ಷಗಳ ನಾಲಿಗೆ.

ಇಂದಿನ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಸಾಧನೆಯನ್ನು ವರ್ಷವರ್ಷ ಅಳೆಯುತ್ತಾರೆ: ಎಷ್ಟು ಪ್ರಬಂಧ, ಎಷ್ಟು ಸೆಮಿನಾರು, ಎಷ್ಟು ಅಂಕ. ಆ ಅಳತೆಯಲ್ಲಿ 1948ರಿಂದ 1973ರವರೆಗೆ ಚೀಟಿ ಬರೆದವರಿಗೆ ಬರುವುದು ಸೊನ್ನೆ. ಒಂದು ಚೀಟಿಯ ಮೇಲೂ ಪ್ರಕಟಣೆ ಎಂದು ತೋರಿಸುವಂಥದ್ದೇನೂ ಇಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ, ಏಕೆಂದರೆ ಭಾರತದ ಜ್ಞಾನಪರಂಪರೆ ಎಂದು ಇಂದು ವೇದಿಕೆಗಳಲ್ಲಿ ಭಾಷಣ ಮಾಡುವವರೆಲ್ಲ ತಮ್ಮ ಮಾತಿಗೆ ಸಾಕ್ಷಿ ಬೇಕಾದರೆ ಹೋಗಬೇಕಾದದ್ದು ಆ ಸೊನ್ನೆಯವರ ಡ್ರಾಯರಿಗೇ.

'ಅ'ಕ್ಕೆ ಈಗಾಗಲೇ ಸುಮಾರು ಅರ್ಧ ಶತಮಾನ ಸಂದಿದೆ. ಇದೇ ವೇಗದಲ್ಲಿ 'ಹ' ತಲುಪಲು 500 ವರ್ಷ ಬೇಕಾದೀತು. ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಿಂದ ಹುಡುಕಾಟ ಚುರುಕಾಗುತ್ತದೆ, ಜೋಡಣೆ ಸುಲಭವಾಗುತ್ತದೆ. ಆದರೆ ರಸವಿದ್ಯೆಯ ಗ್ರಂಥದ ಒಂದು ಸಾಲಿನಲ್ಲಿ ಬಂದ ಪದ ಲೋಹವೋ ಗಿಡವೋ ಎಂದು ತೀರ್ಮಾನಿಸಲು ಆ ಶಾಸ್ತ್ರ ಓದಿದವರೇ ಬೇಕು. ಶಾಸ್ತ್ರಕ್ಕೆ ಒಬ್ಬರಂತೆ ಲೆಕ್ಕ ಹಾಕಿದರೂ, ಒಂದೇ ಸಮಯಕ್ಕೆ ಆ ಮೇಜುಗಳ ಮುಂದೆ ಕೂರಬೇಕಾದವರು 62 ಜನ.