ಮುದಿ ಬೆಕ್ಕು ರಾತ್ರಿ ಅರಚುವುದೇಕೆ?

ರಾತ್ರಿ ಎರಡು ಗಂಟೆ. ಮನೆಮಂದಿಯೆಲ್ಲ ಗಾಢ ನಿದ್ರೆಯಲ್ಲಿರುವಾಗ ನಡುಮನೆಯಿಂದ ಮಗು ಅತ್ತಂತೆ ದೀರ್ಘವಾದ ಕೂಗು. ಎದ್ದು ದೀಪ ಹಾಕಿದರೆ, ವರ್ಷಗಳಿಂದ ಮನೆಯಲ್ಲಿರುವ ಬೆಕ್ಕು ಗೋಡೆಗೆ ಮುಖ ಮಾಡಿ ನಿಂತು ಅರಚುತ್ತಿದೆ. ಬೆಳಗಾದರೆ ಹಿರಿಯರ ಮಾತು: ‘ಬೆಕ್ಕು ಅತ್ತರೆ ಮನೆಗೆ ಒಳ್ಳೆಯದಲ್ಲ, ಎಲ್ಲಾದರೂ ಬಿಟ್ಟು ಬನ್ನಿ.’

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪು ಬೆಳೆಯುವ ಊರುಗಳಲ್ಲಾಗಲಿ, ಕೆ.ಆರ್. ನಗರದ ಭತ್ತದ ಸೀಮೆಯಲ್ಲಾಗಲಿ ಬೆಕ್ಕು ಮನೆ ಸೇರುವುದು ಹೆಚ್ಚಾಗಿ ಇಲಿಯ ಕಾಟ ತಪ್ಪಲೆಂದು. ಇಲಿ ಹಿಡಿಯುವಷ್ಟು ದಿನ ಅದು ಮನೆಯ ಕೂಸು. ಮುದಿಯಾಗಿ ರಾತ್ರಿ ಕೂಗತೊಡಗಿದರೆ ಅಪಶಕುನ! ಗೋಣಿಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರುವವರೂ ಉಂಟು. ಆ ವಯಸ್ಸಿನಲ್ಲಿ ಅದು ನಾಯಿಗಳಿಂದ ತಪ್ಪಿಸಿಕೊಂಡು, ಬೇಟೆಯಾಡಿ ಬದುಕುವುದು ಕಷ್ಟ.

ಈ ಕೂಗು ಶಕುನವಲ್ಲ, ದೇಹದಲ್ಲಿ ಏನೋ ತೊಂದರೆಯಿದೆ ಎಂಬುದರ ಸೂಚನೆ. ಕಾರಣ ತಿಳಿದರೆ ಅನೇಕ ಸಲ ಪರಿಹಾರವೂ ಇದೆ.

ಕಾರಣಗಳು ಹಲವು

ಹತ್ತು ವರ್ಷ ದಾಟಿದ ಬೆಕ್ಕು ಮುದಿಯೆಂದೇ ಲೆಕ್ಕ. ಹದಿನೈದರ ಬೆಕ್ಕು ಸುಮಾರು ಎಪ್ಪತ್ತೈದರ ಅಜ್ಜಿಗೆ ಸಮ. ಅಜ್ಜಿಯನ್ನು ಕಾಡುವ ಕಾಯಿಲೆಗಳಲ್ಲಿ ಅನೇಕವು ಬೆಕ್ಕಿಗೂ ಬರುತ್ತವೆ.

ಥೈರಾಯ್ಡ್: ಕತ್ತಿನಲ್ಲಿರುವ ಈ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಬೆಕ್ಕು ಎಷ್ಟು ತಿಂದರೂ ಸೊರಗುತ್ತದೆ, ಒಂದೆಡೆ ನಿಲ್ಲುವುದಿಲ್ಲ, ರಾತ್ರಿ ಅರಚುತ್ತದೆ. 1979ರಲ್ಲಿ ಅಮೆರಿಕದ ವೈದ್ಯರು ಮೊದಲು ವಿವರಿಸಿದ ಈ ಕಾಯಿಲೆಗೆ ಇಂದು ಮಾತ್ರೆಗಳಿವೆ.

ಮೂತ್ರಪಿಂಡ ಮತ್ತು ರಕ್ತದೊತ್ತಡ: ಮೂತ್ರಪಿಂಡ ಸೋತಾಗ ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಜೊತೆಗೆ ರಕ್ತದೊತ್ತಡವೂ ಏರಬಹುದು. ಒತ್ತಡ ಮಿತಿಮೀರಿದರೆ ಕಣ್ಣಿನ ಒಳಪದರ ಕಳಚಿ, ಬೆಕ್ಕು ಇದ್ದಕ್ಕಿದ್ದಂತೆ ಕುರುಡಾಗುತ್ತದೆ. ಅದು ವಸ್ತುಗಳಿಗೆ ಡಿಕ್ಕಿ ಹೊಡೆಯುತ್ತಿದ್ದರೆ, ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇದ್ದರೆ ತಡಮಾಡಬೇಡಿ.

ಕೀಲುನೋವು: ಅಟ್ಟಕ್ಕೆ ಹಾರುತ್ತಿದ್ದ ಬೆಕ್ಕು ಈಗ ಜಗಲಿ ಏರಲೂ ಹಿಂಜರಿಯುತ್ತಿದೆಯೇ? ಆ ನೋವೂ ಕೂಗಿಸಬಹುದು.

ಕಿವುಡು, ಮರೆವು: ಕಿವಿ ಕೇಳದ ಬೆಕ್ಕಿಗೆ ತನ್ನ ದನಿಯೇ ಕೇಳದು, ಹಾಗಾಗಿ ಗಟ್ಟಿಯಾಗಿ ಅರಚುತ್ತದೆ. ಮಿದುಳು ಮುಪ್ಪಾದ ಬೆಕ್ಕು ತನ್ನ ಮನೆಯಲ್ಲೇ ದಾರಿ ತಪ್ಪುತ್ತದೆ, ಹಗಲು ರಾತ್ರಿಗಳ ಗುರುತು ಮರೆಯುತ್ತದೆ. ಕತ್ತಲಲ್ಲಿ ಗಾಬರಿಯಾಗಿ ನಿಮ್ಮನ್ನು ಕರೆಯುತ್ತದೆ.

ಬೆದೆ: ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣುಬೆಕ್ಕು ಮುದಿಯಾದರೂ ಬೆದೆಗೆ ಬರಬಹುದು. ಆಗಲೂ ಕೂಗುವುದುಂಟು.

ನೀವು ಮಾಡಬೇಕಾದದ್ದು

ಒಂದು ವಾರ ಗಮನಿಸಿ ಬರೆದಿಡಿ: ಯಾವ ಹೊತ್ತಿಗೆ ಕೂಗಿತು, ಎಷ್ಟು ನೀರು ಕುಡಿಯಿತು, ಏನು ತಿಂದಿತು. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಅದರ ತೂಕ ಸಿಗುತ್ತದೆ. ಈ ಚೀಟಿಯೊಂದಿಗೆ ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಗೆ, ಗಾಳಿಯಾಡುವ ಮುಚ್ಚಿದ ಬುಟ್ಟಿಯಲ್ಲಿ ಒಯ್ಯಿರಿ. ಪಶು ಆಸ್ಪತ್ರೆ ಹಸು ಎಮ್ಮೆಗಳಿಗೆ ಮಾತ್ರ ಎಂದು ಸಂಕೋಚಪಡಬೇಕಿಲ್ಲ. ಕೆಲವು ರಕ್ತಪರೀಕ್ಷೆಗಳಿಗೆ ಮೈಸೂರಿಗೆ ಹೋಗಬೇಕಾಗಬಹುದು.

ಮನೆಯಲ್ಲಿ ರಾತ್ರಿ ಚಿಕ್ಕ ದೀಪವೊಂದು ಉರಿಯಲಿ. ಮಲಗುವ ಮುನ್ನ ಸ್ವಲ್ಪ ಆಡಿಸಿ, ಊಟ ಕೊಡಿ. ಮೆತ್ತನೆಯ ಬೆಚ್ಚಗಿನ ಹಾಸಿಗೆ, ನೀರು, ಅಂಚು ತಗ್ಗಾದ ಮರಳಿನ ತಟ್ಟೆ ಸಮೀಪದಲ್ಲೇ ಇರಲಿ. ಇವುಗಳ ಜಾಗವನ್ನು ಪದೇ ಪದೇ ಬದಲಿಸಬೇಡಿ. ಕೂಗಿದಾಗ ಹೊಡೆಯಬೇಡಿ, ಹೊಡೆದರೆ ಗಾಬರಿ ಹೆಚ್ಚುತ್ತದೆ.

ಎಚ್ಚರಿಕೆ

ನೋವಿರಬಹುದೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯನ್ನು ಎಂದಿಗೂ ಕೊಡಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ; ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಮನುಷ್ಯರ ನಿದ್ರೆಮಾತ್ರೆಯೂ ಬೇಡ.

ಗಂಡುಬೆಕ್ಕು ಮೂತ್ರಕ್ಕೆ ಕುಳಿತು ತಿಣುಕುತ್ತಾ ಕೂಗಿ, ಮೂತ್ರ ಹೊರಬಾರದಿದ್ದರೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ. ಮೂತ್ರ ಕಟ್ಟಿದರೆ ಒಂದೆರಡು ದಿನಗಳಲ್ಲೇ ಸಾಯಬಹುದು.

ಬೆಕ್ಕಿನ ದನಿ ಒಮ್ಮೆಲೇ ಬದಲಾಗಿ, ಅದು ಕಾರಣವಿಲ್ಲದೆ ಮೇಲೆರಗಿ ಕಚ್ಚತೊಡಗಿದರೆ ರೇಬಿಸ್ ಶಂಕಿಸಬೇಕು. ಅದನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಯಾವುದೇ ಬೆಕ್ಕು ಕಚ್ಚಿದರೂ, ಪರಚಿ ಗಾಯ ಮಾಡಿದರೂ ಸೋಪು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಎಲ್ಲ ಬೆಕ್ಕುಗಳೂ ಪೂರ್ಣ ಗುಣವಾಗುತ್ತವೆ ಎನ್ನಲಾಗದು. ಆದರೆ ಕಾಯಿಲೆ ಹತೋಟಿಗೆ ಬಂದರೆ ಬೆಕ್ಕಿಗೂ ನೆಮ್ಮದಿ, ಮನೆಮಂದಿಗೂ ನಿದ್ದೆ. ಇಂದು ರಾತ್ರಿ ನಿಮ್ಮ ಮುದಿ ಬೆಕ್ಕು ಕೂಗಿದರೆ ಗೋಣಿಚೀಲ ಹುಡುಕಬೇಡಿ. ದೀಪ ಹಾಕಿ, ಹತ್ತಿರ ಹೋಗಿ ನೋಡಿ.